ಹೊಳೆ ಇಳಿದ ಮೇಲೆ: ಬೆಳೆ ಪರಿಹಾರ ಖಾತೆಗೆ ಬರುವ ದಾರಿ

ಜುಲೈ ಬಂತೆಂದರೆ ಚಿಕ್ಕೋಡಿ ತಾಲ್ಲೂಕಿನ ಯಡೂರ, ಕಲ್ಲೋಳ, ಮಾಂಜರಿ, ಇಂಗಳಿಯ ಜನ ಬೆಳಿಗ್ಗೆ ಎದ್ದು ಮೊದಲು ಕೇಳುವುದು ತಮ್ಮೂರ ಮಳೆಯ ಸುದ್ದಿಯನ್ನಲ್ಲ. ಮಹಾಬಳೇಶ್ವರಕ್ಕೆ ಎಷ್ಟು ಬಿತ್ತು, ಕೊಯ್ನಾದಿಂದ ಎಷ್ಟು ಬಿಟ್ಟರು, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಹೊರಟಿದೆ ಎಂದು ಕೇಳುತ್ತಾರೆ. ಊರಲ್ಲಿ ಬಿಸಿಲು ಬಿದ್ದಿದ್ದರೂ ಹೊಳೆ ಏರಬಹುದು. ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಸಿಕೊಂಡು ಬರುವ ಕೃಷ್ಣೆಗೆ, ನಿಪ್ಪಾಣಿ ಕಡೆಯಿಂದ ವೇದಗಂಗೆಯ ನೀರನ್ನೂ ಹೊತ್ತ ದೂಧಗಂಗೆ ಈ ಸೀಮೆಯಲ್ಲೇ ಬಂದು ಸೇರುತ್ತದೆ. ಮುಂದೆ ಅದೇ ನೀರು ಕಾಗವಾಡದ ಜುಗೂಳ, ಮಂಗಾವತಿ, ಶಹಾಪುರ, ರಾಯಬಾಗದ ಬಾವನಸೌಂದತ್ತಿ, ಕುಡಚಿ, ಅಥಣಿಯ ಸಪ್ತಸಾಗರ, ಹುಲಗಬಾಳಿ ದಾಟಿ ಹಿಪ್ಪರಗಿ ಬ್ಯಾರೇಜಿನ ಕಡೆ ಹೋಗುತ್ತದೆ. ದಡದ ಉದ್ದಕ್ಕೂ ಕಬ್ಬು.

2005ರಲ್ಲಿ, 2019ರ ಆಗಸ್ಟ್‌ನಲ್ಲಿ, 2021ರ ಜುಲೈನಲ್ಲಿ ಇಲ್ಲಿ ಮಹಾಪೂರ ಬಂತು. 2021ರಲ್ಲಿ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗೆ ರಾಷ್ಟ್ರೀಯ ಹೆದ್ದಾರಿಯ ಮೇಲೇ ಹರಿದು ಬೆಂಗಳೂರು–ಪುಣೆ ಸಂಚಾರ ನಿಂತಿತ್ತು. ಪ್ರತಿ ಸಲವೂ ನೀರು ಇಳಿದ ಮೇಲೆ ಒಂದೇ ಬಗೆಯ ಮಾತು ಕೇಳಿಬರುತ್ತದೆ. "ಬಾಜೂ ಹೊಲದವನಿಗೆ ಬಂತು, ನಮಗ್ಯಾಕ ಬರಲಿಲ್ಲ?" ನೀರು ಎರಡೂ ಹೊಲದಲ್ಲಿ ಎದೆಮಟ್ಟ ನಿಂತಿರುತ್ತದೆ, ಹಣ ಮಾತ್ರ ಒಬ್ಬನಿಗೆ ಬಂದಿರುತ್ತದೆ. ಇದರಲ್ಲಿ ಕೆಲವೊಮ್ಮೆ ಅನ್ಯಾಯ ಇರುತ್ತದೆ, ನಿಜ. ಆದರೆ ಬಹಳ ಸಲ ಕಾರಣ ಹೊಲದಲ್ಲಿರುವುದಿಲ್ಲ, ಉತಾರದಲ್ಲಿ (ಪಹಣಿಯಲ್ಲಿ), ಆಧಾರ್‌ನಲ್ಲಿ, ಮರೆತುಹೋದ ಒಂದು ಬ್ಯಾಂಕ್ ಖಾತೆಯಲ್ಲಿ ಇರುತ್ತದೆ. ಹೊಳೆ ಬರುವುದು ಜುಲೈನಲ್ಲಾದರೂ ಪರಿಹಾರ ಸಿಗುತ್ತದೋ ಇಲ್ಲವೋ ಎಂಬುದು ಮೇ ತಿಂಗಳಲ್ಲೇ ಅರ್ಧ ತೀರ್ಮಾನವಾಗಿರುತ್ತದೆ. ಅದಕ್ಕೇ ಈ ಹಣ ಎಲ್ಲಿಂದ ಹೊರಟು, ಯಾವ ಯಾವ ಮೇಜು ದಾಟಿ, ಎಲ್ಲೆಲ್ಲಿ ಸಿಕ್ಕಿಬೀಳುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಇದು ಬೆಳೆಯ ಬೆಲೆಯೇ?

ನಾವು ಬಾಯಲ್ಲಿ 'ಬೆಳೆ ಪರಿಹಾರ' ಎನ್ನುತ್ತೇವೆ. ಸರ್ಕಾರದ ಕಾಗದದಲ್ಲಿ ಇದರ ಹೆಸರು ಇನ್‌ಪುಟ್ ಸಬ್ಸಿಡಿ, ಅಂದರೆ ಮತ್ತೆ ಬಿತ್ತಲು ಬೇಕಾಗುವ ಬೀಜ, ಗೊಬ್ಬರಕ್ಕೆ ನೆರವು. ಹೋದ ಬೆಳೆಯ ಬೆಲೆ ಕಟ್ಟಿಕೊಡುವ ಉದ್ದೇಶ ಇದರಲ್ಲಿ ಮೊದಲಿನಿಂದಲೂ ಇಲ್ಲ. ಇದು ಗೊತ್ತಿರದೆ ಖಾತೆಯಲ್ಲಿ ಬಿದ್ದ ಮೊತ್ತ ನೋಡಿ, ಯಾರೋ ನಡುವೆ ತಿಂದರು ಎಂದು ತಿಳಿಯುವವರಿದ್ದಾರೆ. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಲೆಕ್ಕ ಇರುವುದೇ ಅಷ್ಟು ಸಣ್ಣದು.

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ರಾಜ್ಯದಲ್ಲೂ ರಾಜ್ಯ ವಿಪತ್ತು ಪರಿಹಾರ ನಿಧಿ ಇದೆ. ಕರ್ನಾಟಕದ ನಿಧಿಗೆ ನೂರಕ್ಕೆ 75 ಪಾಲು ಕೇಂದ್ರದ್ದು, 25 ಪಾಲು ರಾಜ್ಯದ್ದು. ಯಾವ ಹಾನಿಗೆ ಎಷ್ಟು ಎಂಬ ದರವನ್ನು ಕೇಂದ್ರ ಗೃಹ ಸಚಿವಾಲಯ ನಿಗದಿ ಮಾಡುತ್ತದೆ. 2022-23ರಿಂದ 2025-26ರ ಅವಧಿಗೆ ಹೊರಡಿಸಿದ ದರ ಹೀಗಿದೆ: ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500. ಹಿಂದೆ ಇವು 6,800, 13,500 ಮತ್ತು 18,000 ಇದ್ದವು. ಅವಧಿ ಮುಗಿದ ಮೇಲೆ ದರ ಬದಲಾಗುವುದರಿಂದ ಹಾನಿಯಾದ ವರ್ಷದ ಆದೇಶವನ್ನೇ ನೋಡಬೇಕು. ದ್ರಾಕ್ಷಿ ಬಹುವಾರ್ಷಿಕಕ್ಕೆ ಸೇರುತ್ತದೆ. ಕಬ್ಬು ಕುಳೆ ಬಿಟ್ಟು ವರ್ಷಗಟ್ಟಲೆ ನಿಂತರೂ ಲೆಕ್ಕದಲ್ಲಿ ಅದು ನೀರಾವರಿ ಬೆಳೆ.

ಮೂರು ಷರತ್ತುಗಳು ಇದಕ್ಕೆ ಅಂಟಿಕೊಂಡಿವೆ. ಹಾನಿ ನೂರಕ್ಕೆ 33 ಅಥವಾ ಅದಕ್ಕಿಂತ ಹೆಚ್ಚಿರಬೇಕು. 2015ರವರೆಗೆ ಈ ಮಿತಿ 50 ಇತ್ತು. ಬಿತ್ತಿದ ಜಾಗಕ್ಕೆ ಮಾತ್ರ ಹಣ, ಬೀಳು ಬಿಟ್ಟ ಜಾಗಕ್ಕಿಲ್ಲ. ಮತ್ತು ಒಬ್ಬ ರೈತನಿಗೆ ಹೆಚ್ಚೆಂದರೆ ಎರಡು ಹೆಕ್ಟೇರ್. ಈ ಎರಡು ಹೆಕ್ಟೇರ್ ಎನ್ನುವುದು ಸರ್ವೆ ನಂಬರಿಗೆ ಲೆಕ್ಕವಲ್ಲ, ರೈತನಿಗೆ ಲೆಕ್ಕ. ನಾಲ್ಕು ಕಡೆ ಹೊಲವಿದ್ದರೂ ಎಲ್ಲ ಸೇರಿ ಎರಡೇ.

ನಮ್ಮ ಕಡೆ ಹೆಕ್ಟೇರಿನಲ್ಲಿ ಯಾರೂ ಮಾತಾಡುವುದಿಲ್ಲ. ಒಂದು ಹೆಕ್ಟೇರ್ ಎಂದರೆ ಎರಡೆಕರೆ ಹತ್ತೊಂಬತ್ತು ಗುಂಟೆಗೆ ಕೂದಲೆಳೆ ಕಡಿಮೆ. ಹಾಗಾಗಿ ನೀರಾವರಿಯ 17,000 ಎಕರೆಗೆ ಬಂದರೆ ಸುಮಾರು 6,880 ರೂಪಾಯಿ, ಗುಂಟೆಗೆ 172. ಮೂರೆಕರೆ ಹತ್ತು ಗುಂಟೆ ಕಬ್ಬು ಮುಳುಗಿದ ರೈತನಿಗೆ ಹತ್ತಿರ ಹತ್ತಿರ 22,360 ರೂಪಾಯಿ ಬರಬೇಕು. ತೀರಾ ಸಣ್ಣ ತುಣುಕಿಗೆ ಕನಿಷ್ಠ ಮೊತ್ತವೂ ಇದೆ: ಮಳೆಯಾಶ್ರಿತಕ್ಕೆ 1,000, ನೀರಾವರಿಗೆ 2,000, ಬಹುವಾರ್ಷಿಕಕ್ಕೆ 2,500. ಹತ್ತು ಗುಂಟೆ ಕಬ್ಬಿನ ಲೆಕ್ಕ ಹಾಕಿದರೆ 1,720 ಬರುತ್ತದೆ, ಆದರೆ ಕೊಡಬೇಕಾದದ್ದು 2,000. ಅಣ್ಣತಮ್ಮಂದಿರಲ್ಲಿ ಹರಿದು ಹಂಚಿಹೋದ ಹೊಲಗಳ ನಮ್ಮ ಸೀಮೆಯಲ್ಲಿ ಈ ಕನಿಷ್ಠದ ಮಾತು ಬಹಳ ಮನೆಗಳಿಗೆ ಬೇಕಾದದ್ದು.

ಇದರ ಪಕ್ಕದಲ್ಲಿ ಕಬ್ಬಿನ ಬೆಲೆ ಇಟ್ಟು ನೋಡಿ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲೂ ರಾತ್ರಿ ಕೂತು ಹೋರಾಡಿದ ಮೇಲೆ ಟನ್ನಿಗೆ 3,300 ರೂಪಾಯಿ ಎಂದು ತೀರ್ಮಾನವಾಯಿತು. ಎಕರೆಗೆ 40 ಟನ್ ಎಂದು ಹಿಡಿದರೆ 1,32,000 ರೂಪಾಯಿ. ಆ ಎಕರೆ ಹೊಳೆಯ ಪಾಲಾದರೆ ಕೇಂದ್ರದ ದರದಲ್ಲಿ ಸಿಗುವುದು 6,880. ಈ ಅಂತರವನ್ನು ಯಾವ ಅಧಿಕಾರಿಯೂ ತುಂಬಲಾರ. ದರವನ್ನೇ ಬದಲಿಸಬೇಕೆಂದು ಕೇಳುವುದು ನ್ಯಾಯವಾದ ಬೇಡಿಕೆ, ಆದರೆ ಅದನ್ನು ಊರಿನ ಕಂದಾಯ ಅಧಿಕಾರಿಯ ಮುಂದೆ ಕೇಳಿ ಫಲವಿಲ್ಲ.

ರಾಜ್ಯ ಸರ್ಕಾರ ಕೆಲವು ವರ್ಷ ತನ್ನ ಬೊಕ್ಕಸದಿಂದ ಮೇಲಷ್ಟು ಸೇರಿಸಿದೆ. 2019ರ ಮಹಾಪೂರದ ನಂತರ ಯಡಿಯೂರಪ್ಪ ಸರ್ಕಾರ ಹೆಕ್ಟೇರಿಗೆ 10,000 ಹೆಚ್ಚು ಕೊಟ್ಟಿತು, ನೀರಾವರಿಗೆ ಒಟ್ಟು 23,500 ಆಯಿತು. 2021ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲೇ ಬಸವರಾಜ ಬೊಮ್ಮಾಯಿ ಮಳೆಯಾಶ್ರಿತಕ್ಕೆ 13,600, ನೀರಾವರಿಗೆ 25,000, ತೋಟಗಾರಿಕೆಗೆ 28,000 ಎಂದು ಘೋಷಿಸಿದರು. 2025ರ ಸೆಪ್ಟೆಂಬರ್ 30ರಂದು ಸಿದ್ದರಾಮಯ್ಯ ಮೂರೂ ಬಗೆಗೆ 8,500 ಕೂಡಿಸಿ 17,000, 25,500, 31,000 ಎಂದರು. ಅಂದರೆ ಆ ವರ್ಷ ಮುಳುಗಿದ ಕಬ್ಬಿಗೆ ಎಕರೆಗೆ 10,320ರ ಹತ್ತಿರ. ಈ ಮೇಲಿನ ಹಣ ಕಾಯಂ ಹಕ್ಕೇನಲ್ಲ, ಆಯಾ ವರ್ಷದ ಸರ್ಕಾರದ ನಿರ್ಧಾರ. ಕಳೆದ ಸಲ ಅಷ್ಟು ಬಂತು, ಈ ಸಲ ಯಾಕೆ ಕಡಿಮೆ ಎಂಬ ಪ್ರಶ್ನೆಗೆ ಬಹುಪಾಲು ಉತ್ತರ ಇಲ್ಲಿದೆ.

ಸುಳಿ ಕಿತ್ತು ತೋರಿಸಿ

ನೀರು ಇಳಿದ ಮೇಲೆ ಜಂಟಿ ಸಮೀಕ್ಷೆ ನಡೆಯುತ್ತದೆ. ಕಂದಾಯ ಇಲಾಖೆಯಿಂದ ಗ್ರಾಮ ಆಡಳಿತಾಧಿಕಾರಿ (ನಮ್ಮ ಬಾಯಲ್ಲಿ ಇಂದಿಗೂ ತಲಾಠಿ), ಜೊತೆಗೆ ಕೃಷಿ ಇಲಾಖೆಯವರು, ತೋಟದ ಬೆಳೆ ಇದ್ದರೆ ತೋಟಗಾರಿಕೆ ಇಲಾಖೆಯವರು. ಇವರು ಕೂಡಿ ಹೊಲ ನೋಡಿ ಬರೆದದ್ದೇ ಮುಂದಿನ ಎಲ್ಲದಕ್ಕೂ ಬುನಾದಿ.

ಸೋಯಾಬೀನ್, ಹೆಸರು, ಗೋವಿನಜೋಳ ನಾಲ್ಕು ದಿನ ನೀರಲ್ಲಿ ನಿಂತರೆ ಹಾಳಾದದ್ದು ದಾರಿಯಿಂದಲೇ ಕಾಣುತ್ತದೆ. ಕಬ್ಬು ಹಾಗಲ್ಲ. ಆಳೆತ್ತರ ಬೆಳೆದ ಕಬ್ಬಿನ ತುದಿ ನೀರ ಮೇಲಿದ್ದರೆ ಅದು ಉಳಿದುಕೊಳ್ಳಬಹುದು. ಹೊಸದಾಗಿ ಹಚ್ಚಿದ ಆಡಸಾಲಿ ಕಬ್ಬು, ಮೊಣಕಾಲೆತ್ತರದ ಕುಳೆ ಪೂರ್ತಿ ಮುಳುಗಿದರೆ ಉಳಿಯುವುದು ಕಷ್ಟ. ನಡುವಿನ ಎತ್ತರದ ಕಬ್ಬೇ ಎಲ್ಲರನ್ನೂ ಮೋಸ ಮಾಡುವುದು. ನೀರು ಇಳಿದ ಮರುದಿನ ಎಲೆ ಹಸಿರಾಗಿಯೇ ಇರುತ್ತದೆ, ಮೇಲೊಂದು ಕೆಸರಿನ ಲೇಪ, ಅಷ್ಟೇ. ಆದರೆ ಸುಳಿಯ ಬಟ್ಟಲಿನಲ್ಲಿ ರಾಡಿ ನೀರು ನಿಂತು ಒಳಗಿಂದ ಕೊಳೆಯಲು ಶುರುವಾಗಿರುತ್ತದೆ. ವಾರ ಹತ್ತು ದಿನ ಕಳೆದು ಸುಳಿ ಹಿಡಿದು ಎಳೆದರೆ ಕೈಗೇ ಕಿತ್ತು ಬರುತ್ತದೆ. ಬುಡ ಕಂದು ಬಣ್ಣಕ್ಕೆ ತಿರುಗಿ ನಾರುತ್ತಿರುತ್ತದೆ. ಸುಳಿ ಸತ್ತ ಕಬ್ಬು ಪಕ್ಕದ ಕಣ್ಣು ಒಡೆದು ಮರಿ ಹಾಕುತ್ತದೆ, ಗೆಣ್ಣಿನಲ್ಲಿ ಬೇರು ಬಿಡುತ್ತದೆ. ದೂರದಿಂದ ನೋಡಿದವರಿಗೆ ಅದೂ ಹಸಿರೇ. ಆದರೆ ಆ ಕಬ್ಬಿನಲ್ಲಿ ತೂಕವೂ ಇಲ್ಲ, ಸಕ್ಕರೆಯೂ ಇಲ್ಲ.

ಹಾಗಾಗಿ ಸಮೀಕ್ಷೆಯವರು ಬಂದಾಗ ಮಾಲೀಕ ಹೊಲದಲ್ಲಿರಬೇಕು. ಬದುವಿನ ಮೇಲೆ ನಿಂತು ಬರೆದುಕೊಳ್ಳಲು ಬಿಡದೆ ಅವರನ್ನು ನಾಲ್ಕು ಸಾಲು ಒಳಗೆ ಕರೆದುಕೊಂಡು ಹೋಗಿ, ಬೇರೆ ಬೇರೆ ಕಡೆ ಸುಳಿ ಕಿತ್ತು ತೋರಿಸಬೇಕು. ನೀರು ನಿಂತಿದ್ದ ದಿನಗಳಲ್ಲೇ ತಾರೀಖು, ಸ್ಥಳ ಬೀಳುವ ಹಾಗೆ ಫೋಟೋ ತೆಗೆದಿಟ್ಟುಕೊಂಡರೆ ಒಳ್ಳೆಯದು. ಎಲೆಗಳ ಮೇಲೆ ನೀರು ಎಷ್ಟು ಎತ್ತರಕ್ಕೆ ಬಂದಿತ್ತೆಂಬ ಕೆಸರಿನ ಗೆರೆ ಒಂದೆರಡು ದೊಡ್ಡ ಮಳೆಗೆ ತೊಳೆದುಹೋಗುತ್ತದೆ, ಫೋಟೋದಲ್ಲಿ ಉಳಿಯುತ್ತದೆ. ಅವಸರದಲ್ಲಿ ಬೇಗ ಬಂದು ಹೋದ ತಂಡ ಹಾನಿ ಕಡಿಮೆ ಎಂದು ಬರೆದಿದ್ದರೆ, ಸುಳಿ ಒಣಗಿದ ಮೇಲೆ ಆ ಫೋಟೋಗಳ ಸಮೇತ ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಟ್ಟು ಮರುಸಮೀಕ್ಷೆ ಕೇಳಬೇಕು. ಅರ್ಜಿಯ ಒಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬಾರದು.

ಹೊಲ ಕಂಪ್ಯೂಟರಿನೊಳಗೆ ಹೋಗುವುದು

ತಂಡ ಬರೆದುಕೊಂಡದ್ದು 'ಪರಿಹಾರ' ಎಂಬ ತಂತ್ರಾಂಶಕ್ಕೆ ಹೋಗುತ್ತದೆ. ಊರು, ಸರ್ವೆ ನಂಬರ್, ಬೆಳೆ, ಹಾನಿಯಾದ ವಿಸ್ತೀರ್ಣ, ರೈತನ ಗುರುತು. ಈ ಹಂತದಲ್ಲಿ ಹೊಲ ಮರೆಯಾಗಿ ದಾಖಲೆ ಮುಂದೆ ಬರುತ್ತದೆ. ಮೂರು ದಾಖಲೆಗಳು ಒಂದಕ್ಕೊಂದು ತಾಳೆಯಾಗಬೇಕು: ಭೂಮಿ ತಂತ್ರಾಂಶದ ಉತಾರ, ಫ್ರೂಟ್ಸ್ ತಂತ್ರಾಂಶದ ರೈತ ಗುರುತಿನ ಸಂಖ್ಯೆ ಅಂದರೆ ಎಫ್‌ಐಡಿ, ಮತ್ತು ಬೆಳೆ ಸಮೀಕ್ಷೆ.

ಉತಾರದಲ್ಲಿ ಅಜ್ಜನ ಹೆಸರಿದ್ದು ಅಜ್ಜ ತೀರಿಕೊಂಡು ಇಪ್ಪತ್ತು ವರ್ಷವಾಗಿದ್ದರೆ, ಹೊಲ ಮಾಡುತ್ತಿರುವ ಮೊಮ್ಮಗ ಸರ್ಕಾರದ ಕಣ್ಣಿಗೆ ಬೀಳುವುದಿಲ್ಲ. ಸತ್ತವರಿಗೆ ಆಧಾರ್ ಆಧಾರಿತ ಜಮೆ ಸಾಧ್ಯವಿಲ್ಲ. ವಾರಸಾ ಮಾಡಿಸುವುದನ್ನು ನಾವು ಮುಂದೂಡುತ್ತ ಹೋಗುತ್ತೇವೆ, ಒಮ್ಮೆ ಅಣ್ಣತಮ್ಮಂದಿರ ಮನಸ್ತಾಪಕ್ಕೆ, ಒಮ್ಮೆ ಅಕ್ಕತಂಗಿಯರ ಸಹಿ ಬೇಕಾಗುತ್ತದೆಂಬ ಹಿಂಜರಿಕೆಗೆ. 2025ರಲ್ಲಿ ಕಂದಾಯ ಇಲಾಖೆ ಇ-ಪೌತಿ ಆಂದೋಲನ ಶುರು ಮಾಡಿದ್ದೇ ಇಂಥ, ಸತ್ತವರ ಹೆಸರಲ್ಲೇ ಉಳಿದ ಖಾತೆಗಳು ರಾಜ್ಯದ ತುಂಬ ಇರುವುದರಿಂದ. ಜಂಟಿ ಖಾತೆಯಲ್ಲಿ ಯಾರ ಪಾಲು ಎಷ್ಟೆಂದು ಬಿಡಿಯಾಗಿ ನಮೂದಾಗಿರದಿದ್ದರೆ ಉಳಿದ ಪಾಲುದಾರರ ಒಪ್ಪಿಗೆ ಕೇಳುತ್ತಾರೆ. ಒಬ್ಬ ಮುನಿಸಿಕೊಂಡು ಪುಣೆಯಲ್ಲಿ ಕೂತರೂ ಎಲ್ಲರ ಹಣ ನಿಂತಿತು.

ಎಫ್‌ಐಡಿ ವಿಷಯದಲ್ಲಿ ಎಲ್ಲರೂ "ನಂದು ಐತಿ" ಎನ್ನುತ್ತಾರೆ. ಇದ್ದರೆ ಸಾಲದು. ಅದರೊಳಗೆ ನಿಮ್ಮ ಎಲ್ಲ ಸರ್ವೆ ನಂಬರುಗಳೂ ಸೇರಿರಬೇಕು. ಮಾಡಿಸಿದಾಗ ಊರ ಮೇಲಿನ ಒಣಭೂಮಿಯ ಉತಾರ ಮಾತ್ರ ಕೊಟ್ಟು, ಹೊಳೆದಂಡೆಯ ತುಣುಕನ್ನು ಬಿಟ್ಟವರಿದ್ದಾರೆ. ಮಹಾಪೂರ ಬರುವುದು ಆ ಬಿಟ್ಟ ತುಣುಕಿಗೇ. ಹೊಸದಾಗಿ ಕೊಂಡ ಹೊಲ, ವಾಟ್ನಿಯಲ್ಲಿ ಬಂದ ಪಾಲು ಕೂಡ ತಾನಾಗಿ ಸೇರಿಕೊಳ್ಳುತ್ತದೆಂದು ನಂಬಿ ಕೂಡಬಾರದು. ರೈತ ಸಂಪರ್ಕ ಕೇಂದ್ರಕ್ಕೆ ಆಧಾರ್ ಮತ್ತು ಎಲ್ಲ ಉತಾರ ಹಿಡಿದು ಹೋದರೆ ಇದನ್ನು ಸರಿಪಡಿಸಬಹುದು.

ಹೆಸರಿನ ತೊಂದರೆ ಗಡಿನಾಡಿಗೇ ವಿಶೇಷ. ಉತಾರದಲ್ಲಿ ಕನ್ನಡದಲ್ಲಿ ಬಾಳಾಸಾಹೇಬ, ಆಧಾರ್‌ನಲ್ಲಿ ಬಾಳು, ಬ್ಯಾಂಕಿನಲ್ಲಿ ಮರಾಠಿ ಶಾಲೆಯ ದಾಖಲೆಯಂತೆ ಇನ್ನೊಂದು. ಮೂವರೂ ಒಬ್ಬರೇ ಎಂದು ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಇನ್ನು ಶಿರೋಳ, ಮಿರಜ ತಾಲ್ಲೂಕಿನ ಸೀಮೆಯೊಳಗೆ ಹೊಲ ಇರುವ ನಮ್ಮ ಊರುಗಳ ರೈತರು ನೆನಪಿಡಬೇಕಾದದ್ದು, ಆ ಹೊಲ ಅಲ್ಲಿಯ ಉತಾರವಾದ ಸಾತ್‌ಬಾರಾದಲ್ಲಿ ಇರುವ ತನಕ ಅದರ ಹಾನಿಯ ಲೆಕ್ಕ ಮಹಾರಾಷ್ಟ್ರದ ತಲಾಠಿಯದು, ದರವೂ ಆ ಸರ್ಕಾರದ್ದು. ಇಲ್ಲಿಯ ತಹಶೀಲ್ದಾರ್ ಕಚೇರಿಯಲ್ಲಿ ಅದಕ್ಕೆ ಅರ್ಜಿ ಕೊಟ್ಟು ಕಾಯುವುದು ವ್ಯರ್ಥ.

ಮೂರನೆಯದು ಬೆಳೆ ಸಮೀಕ್ಷೆ. ಪ್ರತಿ ಹಂಗಾಮಿನಲ್ಲಿ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಇದೆ ಎಂದು ಮೊಬೈಲ್ ಆ್ಯಪ್‌ನಲ್ಲಿ ಫೋಟೋ ಸಮೇತ ದಾಖಲಿಸುತ್ತಾರೆ. 2020ರಿಂದ ರೈತರೇ ತಮ್ಮ ಹೊಲದ್ದನ್ನು ಮಾಡಬಹುದು. ಬಹಳ ಜನ ಮಾಡುವುದಿಲ್ಲ. ಸಮೀಕ್ಷೆಗೆ ನೇಮಿಸಿದ ಊರ ಹುಡುಗ ('ಖಾಸಗಿ ನಿವಾಸಿ') ಬಂದು ಮಾಡುತ್ತಾನೆಂದು ಬಿಡುತ್ತಾರೆ, ಅವನು ಕೆಸರಲ್ಲಿ ಇಳಿಯಲಾಗದೆ ಹೋದ ವರ್ಷದ ಬೆಳೆಯನ್ನೇ ಬರೆದುಬಿಟ್ಟರೆ ಕಬ್ಬಿದ್ದ ಹೊಲ ದಾಖಲೆಯಲ್ಲಿ ಸೋಯಾಬೀನ್ ಆಗುತ್ತದೆ, ನೀರಾವರಿ ದರ ಮಳೆಯಾಶ್ರಿತಕ್ಕೆ ಇಳಿಯುತ್ತದೆ. ಹೊಳೆದಂಡೆಯವರಿಗೆ ಇನ್ನೂ ಒಂದು ತೊಡಕಿದೆ. ಮುಂಗಾರಿನ ಬೆಳೆ ಸಮೀಕ್ಷೆ ನಡೆಯುವ ದಿನಗಳಲ್ಲೇ ಹೊಳೆ ಏರುತ್ತದೆ. ಹೊಲ ನೀರೊಳಗಿದ್ದಾಗ ಯಾರು ಫೋಟೋ ತೆಗೆಯುತ್ತಾರೆ? ಆ್ಯಪ್ ತೆರೆದ ಮೊದಲ ದಿನಗಳಲ್ಲೇ ದಂಡೆಯ ಹೊಲದ್ದನ್ನು ಮೊದಲು ಮುಗಿಸಿ, ಮೇಲಿನ ಹೊಲದ್ದನ್ನು ಆಮೇಲೆ ಮಾಡಿದರಾಯಿತು.

ಹಣ ಬಂದಿದೆ, ಆದರೆ ಎಲ್ಲಿಗೆ?

ತಹಶೀಲ್ದಾರರ ಮಟ್ಟದಲ್ಲಿ ಪಟ್ಟಿ ಒಪ್ಪಿಗೆಯಾದ ಮೇಲೆ ಹಣ ನೇರವಾಗಿ ರೈತನ ಖಾತೆಗೆ ಜಮೆಯಾಗುತ್ತದೆ. ಚೆಕ್ಕಿಲ್ಲ, ಕೈಗೆ ಕೈ ಇಲ್ಲ. ಇಲ್ಲಿ ತಿಳಿದಿರಲೇಬೇಕಾದ ಸಂಗತಿ ಒಂದಿದೆ. ನೀವು ಕೊಟ್ಟ ಪಾಸ್‌ಬುಕ್ ಝೆರಾಕ್ಸ್ ನೋಡಿ ಹಣ ಹಾಕುವುದಿಲ್ಲ. ನಿಮ್ಮ ಆಧಾರ್ ಸಂಖ್ಯೆ ಯಾವ ಬ್ಯಾಂಕಿಗೆ ಮ್ಯಾಪ್ ಆಗಿದೆಯೋ ಆ ಬ್ಯಾಂಕಿಗೆ ಹೋಗುತ್ತದೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕ್, ಅದೂ ಕೊನೆಯದಾಗಿ ಜೋಡಿಸಿದ್ದು.

ಬ್ಯಾಂಕಿನ ಕೌಂಟರಿನ ಮುಂದೆ ನಿಂತವರ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ನಾಲ್ಕು ಪಾಸ್‌ಬುಕ್: ಸಾಲ ತೆಗೆದ ಸಹಕಾರಿ ಬ್ಯಾಂಕಿನದು, ಕಬ್ಬಿನ ಬಿಲ್ಲು ಬರುವುದು, ಗ್ಯಾಸ್ ಸಬ್ಸಿಡಿಗೆ ತೆರೆದದ್ದು, ಪೇಟೆಯಲ್ಲಿ ಸಿಮ್ ಕೊಳ್ಳುವಾಗಲೋ ಸಾಲ ಕೊಡುವವರು ಹೇಳಿದರೆಂದೋ ಹೆಬ್ಬೆಟ್ಟು ಒತ್ತಿ ಆದದ್ದು. ಕಬ್ಬಿನ ಬಿಲ್ಲಿನ ಪಾಸ್‌ಬುಕ್ಕನ್ನು ಮೂರು ಸಲ ಎಂಟ್ರಿ ಮಾಡಿಸಿ ಹಣ ಬಂದಿಲ್ಲವೆಂದು ಹಿಂದಿರುಗುತ್ತಾರೆ, ಹಣ ಆ ನಾಲ್ಕನೆಯದರಲ್ಲಿ ಬಿದ್ದು ತಿಂಗಳಾಗಿರುತ್ತದೆ. ಅದಕ್ಕಿಂತ ಕೆಟ್ಟದ್ದು, ಆ ಖಾತೆ ವ್ಯವಹಾರವಿಲ್ಲದೆ ನಿಷ್ಕ್ರಿಯವಾಗಿ ಹಣ ವಾಪಸು ಹೋಗಿರುವುದು. ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ಆಧಾರ್ ಪೋರ್ಟಲ್‌ನಲ್ಲೇ ನೋಡಬಹುದು, ಇಲ್ಲವೇ ಗ್ರಾಮ ಒನ್ ಕೇಂದ್ರದಲ್ಲಿ ನೋಡಿಸಬಹುದು. ಬೇಕಾದ ಖಾತೆಗೆ ಬದಲಿಸಲು ಆ ಬ್ಯಾಂಕಿಗೆ ಹೋಗಿ ಆಧಾರ್ ಜೋಡಣೆಯ ಅರ್ಜಿ ಕೊಡಬೇಕು. ಖಾತೆಗೆ ಆಧಾರ್ ಝೆರಾಕ್ಸ್ ಕೊಟ್ಟಿದ್ದೇನೆ ಎಂಬುದೂ, ನೇರ ಜಮೆಗೆ ಮ್ಯಾಪ್ ಆಗಿದೆ ಎಂಬುದೂ ಬೇರೆ ಬೇರೆ.

ಭೂ ದಾಖಲೆಗಳ ಜಾಲತಾಣದಲ್ಲಿ ಪರಿಹಾರ ಪಾವತಿಯ ವರದಿ ಇದೆ. ವಿಪತ್ತಿನ ಬಗೆ, ವರ್ಷ ಆರಿಸಿ ಆಧಾರ್ ಸಂಖ್ಯೆ ಹಾಕಿದರೆ ಹಣ ಯಾವ ತಾರೀಖಿಗೆ, ಯಾವ ಬ್ಯಾಂಕಿಗೆ ಹೋಯಿತು, ಅಥವಾ ಯಾಕೆ ವಿಫಲವಾಯಿತು ಎಂದು ತೋರಿಸುತ್ತದೆ. ಹೆಸರೇ ಬರದಿದ್ದರೆ ತೊಂದರೆ ಸಮೀಕ್ಷೆಯಲ್ಲಿ, ತಲಾಠಿಯ ಕಡೆ ಹೋಗಬೇಕು. ಹೆಸರು ಬಂದು ಪಾವತಿ ವಿಫಲ ಎಂದಿದ್ದರೆ ತೊಂದರೆ ಬ್ಯಾಂಕಿನಲ್ಲಿ. ಈ ಒಂದು ವ್ಯತ್ಯಾಸ ತಿಳಿದರೆ ಚಿಕ್ಕೋಡಿಗೋ ಅಥಣಿಗೋ ಹತ್ತು ಸಲ ತಿರುಗಾಡುವುದು ತಪ್ಪುತ್ತದೆ. ಬಂದ ಹಣವನ್ನು ಬ್ಯಾಂಕು ಹಳೆಯ ಸಾಲಕ್ಕೆ ಮುರಿದುಕೊಂಡರೆ ಸುಮ್ಮನಿರಬೇಕಾಗಿಲ್ಲ. 2024ರಲ್ಲಿ ಬರ ಪರಿಹಾರವನ್ನು ಸಾಲಕ್ಕೆ ಜಮೆ ಮಾಡಿಕೊಳ್ಳಬಾರದೆಂದು ರಾಜ್ಯದ ಹಲವು ಜಿಲ್ಲಾಧಿಕಾರಿಗಳು ಬ್ಯಾಂಕುಗಳಿಗೆ ತಾಕೀತು ಮಾಡಿದ್ದರು. ಜಿಲ್ಲಾಧಿಕಾರಿಗೆ ದೂರು ಕೊಡಬಹುದು.

ಅದೇ ತಾಲ್ಲೂಕು, ನೀರಿಲ್ಲದ ವರ್ಷ

ಅಥಣಿ ತಾಲ್ಲೂಕಿನ ಒಂದು ಅಂಚು ಕೃಷ್ಣೆಯಲ್ಲಿ ಮುಳುಗಿದರೆ, ತೆಲಸಂಗ, ಅನಂತಪುರದ ಕಡೆಯ ಇನ್ನೊಂದು ಅಂಚು ಟ್ಯಾಂಕರಿಗೆ ಕಾಯುತ್ತದೆ. ಬರಕ್ಕೂ ಹೆಕ್ಟೇರಿನ ದರ ಅದೇ, ಆದರೆ ದಾರಿ ಬೇರೆ. ಮಹಾಪೂರದಲ್ಲಿ ನಿಮ್ಮ ಹೊಲ ಮುಳುಗಿದ್ದರೆ ಸಾಕು. ಬರದಲ್ಲಿ ಮೊದಲು ಇಡೀ ತಾಲ್ಲೂಕು ಬರಪೀಡಿತ ಎಂದು ಘೋಷಣೆಯಾಗಬೇಕು. ಕೇಂದ್ರದ 2016ರ ಬರ ಕೈಪಿಡಿಯ ಪ್ರಕಾರ ಮಳೆಯ ಕೊರತೆ, ಒಣಹವೆಯ ವಾರಗಳು, ಬಿತ್ತನೆ, ಮಣ್ಣಿನ ತೇವ, ಉಪಗ್ರಹದಲ್ಲಿ ಕಾಣುವ ಹಸಿರು ಇವನ್ನೆಲ್ಲ ಅಳೆದು, ಆಯ್ದ ಊರುಗಳಲ್ಲಿ ಹೊಲ ನೋಡಿ ತೀರ್ಮಾನಿಸುತ್ತಾರೆ. 'ತೀವ್ರ' ಎಂದಾದರೆ ಮಾತ್ರ ಕೇಂದ್ರದ ರಾಷ್ಟ್ರೀಯ ನಿಧಿಯ ಬಾಗಿಲು ತೆರೆಯುತ್ತದೆ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ರಾಜ್ಯ 18,171 ಕೋಟಿ ರೂಪಾಯಿ ಕೇಳಿ ತಿಂಗಳುಗಟ್ಟಲೆ ಕಾದು, ಸುಪ್ರೀಂ ಕೋರ್ಟಿಗೆ ಹೋದ ಮೇಲೆ 2024ರ ಏಪ್ರಿಲ್‌ನಲ್ಲಿ 3,454 ಕೋಟಿ ಬಂತು. ಅಲ್ಲಿಯವರೆಗೆ ರಾಜ್ಯ ಸರ್ಕಾರ ಮೊದಲ ಕಂತಾಗಿ ರೈತರಿಗೆ ಹೆಚ್ಚೆಂದರೆ ತಲಾ 2,000 ರೂಪಾಯಿ ಹಾಕಿತ್ತು. ಆಮೇಲೆ ಬಂದ ಹಣದಲ್ಲಿ ಆ 2,000 ಕಳೆದು ಉಳಿದದ್ದನ್ನು ಕೊಟ್ಟರು. ಕಡಿಮೆ ಬಂತೆಂಬ ಗೊಂದಲ ಹುಟ್ಟಿದ್ದು ಇದರಿಂದಲೂ. ಹಿಂಗಾರು ಬಿತ್ತುವ ಹೊತ್ತಿಗೆ ಬೇಕಾಗಿದ್ದ ನೆರವು ಮುಂದಿನ ಮುಂಗಾರಿನ ಬಾಗಿಲಿಗೆ ಬಂದು ಮುಟ್ಟಿತು. ಇನ್‌ಪುಟ್ ಸಬ್ಸಿಡಿ ಎಂದು ಹೆಸರಿಟ್ಟ ಮೇಲೆ ಅದು ಬಿತ್ತನೆಗೆ ಮೊದಲು ಸಿಗಬೇಡವೇ ಎಂಬ ಪ್ರಶ್ನೆ ನನ್ನ ಮಟ್ಟಿಗೆ ದರದ ಪ್ರಶ್ನೆಗಿಂತಲೂ ದೊಡ್ಡದು.

ಬೆಳೆ ವಿಮೆಯನ್ನು ಇದರೊಂದಿಗೆ ಕಲಸಬಾರದು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಗೆ ರೈತ ಕಂತು ಕಟ್ಟಿರಬೇಕು, ಮುಂಗಾರಿಗೆ ನೂರಕ್ಕೆ 2, ಹಿಂಗಾರಿಗೆ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ 5. ಆಲಿಕಲ್ಲಿನಂಥ ಸ್ಥಳೀಯ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು. ಹೊಲದಲ್ಲಿ ನೀರು ನಿಂತ ಹಾನಿಯ ಪಟ್ಟಿಯಿಂದ 2018ರ ಪರಿಷ್ಕೃತ ಮಾರ್ಗಸೂಚಿ ಭತ್ತ, ಕಬ್ಬಿನಂಥ ನೀರು ತಾಳುವ ಬೆಳೆಗಳನ್ನು ಹೊರಗಿಟ್ಟಿತು. ಹೊಳೆದಂಡೆಯ ಕಬ್ಬಿಗೆ ಸರ್ಕಾರದ ಪರಿಹಾರವೇ ಗತಿ ಎಂಬಂತಾಗಿರುವುದಕ್ಕೆ ಇದೂ ಒಂದು ಕಾರಣ.

ಮತ್ತೆ ಮಹಾಪೂರಕ್ಕೆ ಬಂದರೆ, ಬೆಳೆಯ ಹೊರತಾದ ಹಾನಿಗೂ ಅದೇ 2022-26ರ ದರಪಟ್ಟಿಯಲ್ಲಿ ನೆರವಿದೆ. ಹೊಲದ ಮೇಲೆ ಮೂರು ಇಂಚಿಗಿಂತ ಹೆಚ್ಚು ಮರಳು, ರೇವೆ ಕೂತಿದ್ದರೆ ತೆಗೆಸಲು ಹೆಕ್ಟೇರಿಗೆ 18,000, ಹೊಳೆ ದಿಕ್ಕು ಬದಲಿಸಿ ಹೊಲವನ್ನೇ ಕೊರೆದೊಯ್ದಿದ್ದರೆ 47,000. ಇವೆರಡೂ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಮಾತ್ರ. ಹಾಲು ಕೊಡುವ ಎಮ್ಮೆ, ಆಕಳು ಸತ್ತರೆ 37,500, ಎತ್ತಿಗೆ 32,000, ಕುರಿ ಮೇಕೆಗೆ 4,000. ದನ ಸತ್ತಾಗ ಅವಸರದಲ್ಲಿ ಹೂಳದೆ ಪಶುವೈದ್ಯರಿಂದ ಪ್ರಮಾಣಪತ್ರ ಪಡೆಯಬೇಕು. ಮನೆಗೆ ನೀರು ಹೊಕ್ಕದ್ದು, ಗೋಡೆ ಬಿದ್ದದ್ದು ಬೇರೆ ಪಟ್ಟಿ, ಬೇರೆ ಅರ್ಜಿ.

ಲಾವಣಿ ಮಾಡಿದವನ ಪಾಡು

ಈ ಇಡೀ ವ್ಯವಸ್ಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಲಾವಣಿ, ಅಂದರೆ ಗುತ್ತಿಗೆಗೆ ಹೊಲ ಹಾಕಿಕೊಂಡವರ ಸ್ಥಿತಿ. ಹೊಲದ ಮಾಲೀಕ ಬೆಳಗಾವಿಯಲ್ಲಿ, ಇಚಲಕರಂಜಿಯಲ್ಲಿ. ಊರಲ್ಲಿರುವ ಭೂಮಿಯಿಲ್ಲದವನು ವರ್ಷಕ್ಕಿಷ್ಟು ಎಂದು ಮುಂಗಡ ಎಣಿಸಿ, ಬೀಜ ಗೊಬ್ಬರ ಹಾಕಿ, ಪಂಪ್‌ಸೆಟ್ಟನ್ನು ರಾತ್ರಿಯೆಲ್ಲ ನೆನೆದು ಮೇಲೆಳೆದು ಬೆಳೆ ತೆಗೆಯುತ್ತಾನೆ. ಹೊಳೆ ಬಂದರೆ ಹೋದದ್ದೆಲ್ಲ ಅವನದು, ಪರಿಹಾರ ಹೋಗುವುದು ಉತಾರದಲ್ಲಿರುವ ಹೆಸರಿಗೆ. ಕಾರಣ ಹಳೆಯದು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಗೇಣಿಯನ್ನೇ ರದ್ದು ಮಾಡಿತು, ಉಳುವವನಿಗೆ ಭೂಮಿ ಕೊಟ್ಟಿತು. ಅದು ಲಕ್ಷಾಂತರ ಮನೆಗಳನ್ನು ಎತ್ತಿ ನಿಲ್ಲಿಸಿದ ಕಾನೂನು. ಆದರೆ ಕಾನೂನಿನಲ್ಲಿ ಇಲ್ಲದ ಲಾವಣಿ ಹೊಲದಲ್ಲಿ ನಡೆಯುತ್ತಲೇ ಇದೆ, ದಾಖಲೆಯಲ್ಲಿ ಬರೆಯಲು ಮಾಲೀಕ ಒಪ್ಪುವುದಿಲ್ಲ, ಬರೆಯಲು ಜಾಗವೂ ಇಲ್ಲ. ಹೀಗಾಗಿ ಬೆಳೆದವನಿಗೆ ನೆರವು ತಲುಪಿಸಲು ತಹಶೀಲ್ದಾರ್ ಮನಸ್ಸು ಮಾಡಿದರೂ ಅವನ ಹೆಸರು ಬರೆಯುವ ಕಾಲಂ ಇಲ್ಲ.

ಸದ್ಯಕ್ಕೆ ಇದಕ್ಕಿರುವುದು ಊರಿನ ದಾರಿ ಮಾತ್ರ. ಯುಗಾದಿಯ ಹೊತ್ತಿಗೆ ಲಾವಣಿ ಮಾತಾಡುವಾಗಲೇ, ಮಹಾಪೂರದಲ್ಲೋ ಬರದಲ್ಲೋ ಬೆಳೆ ಹೋಗಿ ಪರಿಹಾರ ಬಂದರೆ ಅದು ಯಾರಿಗೆ, ಲಾವಣಿ ಹಣದಲ್ಲಿ ಎಷ್ಟು ಬಿಡಬೇಕು ಎಂಬುದನ್ನು ಇಬ್ಬರು ಹಿರಿಯರ ಮುಂದೆ ಆಡಿ ಮುಗಿಸುವುದು. ಕೋರ್ಟಿನಲ್ಲಿ ಆ ಮಾತು ನಿಲ್ಲುವುದಿಲ್ಲ. ಹೊಳೆದಂಡೆಯ ಕೆಲವು ಮಾಲೀಕರು ಬಂದ ಹಣವನ್ನು ಬೆಳೆದವನ ಕೈಗೆ ತಾವಾಗಿಯೇ ಇಟ್ಟದ್ದುಂಟು, ಇಡದವರೂ ಇದ್ದಾರೆ. ಆ ಮಾತುಕತೆಯ ದಿನವೇ ಮಾಲೀಕನ ಎಫ್‌ಐಡಿಯಲ್ಲಿ ಆ ಸರ್ವೆ ನಂಬರ್ ಸೇರಿದೆಯೇ, ಅವನ ಆಧಾರ್ ಚಾಲ್ತಿಯಲ್ಲಿರುವ ಖಾತೆಗೆ ಮ್ಯಾಪ್ ಆಗಿದೆಯೇ ಎಂದು ಕೇಳಿಕೊಳ್ಳಬೇಕಾದವನು ಲಾವಣಿದಾರನೇ. ಏಕೆಂದರೆ ಆ ಹೊಲಕ್ಕೆ ಬರುವ ನೀರು ಮೊದಲು ಮುಟ್ಟುವುದು ಅವನನ್ನು.